ಗಂಡಸರಿಗೆ ಮಾತ್ರ

ನಗು ಹಿತ್ತಲಿನಿಂದ ಬರುತ್ತಿತ್ತು. ನಡುಮನೆಗೆ ಕಾಲಿಟ್ಟವನಿಗೆ ಮೊದಲು ಪಕ್ಕದ ಮನೆಯವರು ಯಾರೋ ನಗುತ್ತಿದ್ದಾರೆ ಅನ್ನಿಸಿತು. ತನ್ನ ಹೆಂಡತಿ ಹೀಗೂ ನಗುತ್ತಾಳೆಂದು ಅವನಿಗೆ ಗೊತ್ತಿದ್ದರೆ ತಾನೆ? ಬ್ಲೇಡಿನ ಪೊಟ್ಟಣ ಮನೆಯಲ್ಲೇ ಮರೆತಿದ್ದರಿಂದ, ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಕೂರಿಸಿ ಓಡಿ ಬಂದಿದ್ದ. ಬಂದವನು ಪೊಟ್ಟಣ ತೆಗೆದುಕೊಂಡು ಹೋಗಬಹುದಿತ್ತು. ನಗು ಬಿಡಲಿಲ್ಲ. ಹಿತ್ತಲ ಬಾಗಿಲಿಗೆ ಹೋಗಿ ನಿಂತ.

ಹೆಂಡತಿ ಮೋಟು ಸ್ಟೂಲಿನ ಮೇಲೆ ಆ ಕಡೆ ಮುಖ ಮಾಡಿ ಕೂತಿದ್ದಳು. ಹೆಗಲಿಗೆ ಹಳೇ ಟವೆಲ್ಲು, ಬೆನ್ನ ತುಂಬ ಒದ್ದೆ ಕೂದಲು. ಹಿಂದೆ ಮಗ ಮಂಡಿಯೂರಿ ಕೂತು, ಹಲ್ಲಿನಲ್ಲಿ ಬಾಚಣಿಗೆ ಕಚ್ಚಿಕೊಂಡು, ಕೂದಲ ತುದಿಯನ್ನು ಎರಡು ಬೆರಳ ಸಂದಿಯಲ್ಲಿ ಎಳೆದು ಹಿಡಿದು ಕತ್ತರಿಸುತ್ತಿದ್ದ. ಕತ್ತರಿ ಅಪ್ಪನದು. ಹಳೆಯದಾಯಿತೆಂದು ಮೂಲೆಗೆ ಹಾಕಿದ್ದದ್ದು.

"ಆಮೇಲೆ?" ಎಂದ ಮಗ, ಬಾಚಣಿಗೆ ಬಾಯಲ್ಲಿಟ್ಟುಕೊಂಡೇ.

"ಆಮೇಲೇನು, ನಾನು ಕಾಲುವೆ ನಡುವೆ ಹೋಗ್ತಿದ್ದ ಹಾಗೇ ನಮ್ಮಕ್ಕ ದಡದ ಮೇಲೆ ನಿಂತು ಅಳೋಕೆ ಶುರು ಮಾಡಿದ್ಲು. ಅವಳು ಅಳ್ತಾಳೆ, ನನಗೆ ನಗು. ನಕ್ಕೂ ನಕ್ಕೂ ನೀರು ಕುಡಿದೆ ಕಣೋ..."

ನೆಲದ ಮೇಲೆ ಅವನ ನೆರಳು ಬಿದ್ದದ್ದೇ ತಡ, ನಲ್ಲಿ ತಿರುಗಿಸಿದ ಹಾಗೆ ನಗು ನಿಂತಿತು. ಅವಳು ಟವೆಲ್ಲು ಸರಿ ಮಾಡಿಕೊಂಡಳು.

"ತುದಿ ಸೀಳಿತ್ತು. ಅದಕ್ಕೇ," ಎಂದಳು.

ಅವನು ಕೂದಲನ್ನು ನೋಡಿದ. "ಎಡಗಡೆ ಓರೆಯಾಗಿದೆ."

"ಇರ್ಲಿ ಬಿಡಿ. ಯಾರು ನೋಡ್ತಾರೆ?"

ಯಾರು ನೋಡ್ತಾರೆ! ಬ್ಲೇಡಿನ ಪೊಟ್ಟಣ ಜೇಬಿಗಿಳಿಸಿ ದಾಪುಗಾಲು ಹಾಕುತ್ತ ಅಂಗಡಿಗೆ ಹೊರಟ. ಹಿಂದೆ ಮತ್ತೆ ನಗು ಶುರುವಾಗುತ್ತದೇನೋ ಎಂದು ಬೀದಿ ತಿರುವಿನವರೆಗೂ ಕಿವಿ ಹಿಂದಕ್ಕೇ ಇತ್ತು.

ಅವನ ಕ್ಷೌರದಂಗಡಿಯನ್ನು ಊರಿನವರು ರೇಡಿಯೋ ಅಂಗಡಿ ಎನ್ನುತ್ತಿದ್ದರು. ಅಲ್ಲಿ ರೇಡಿಯೋ ಇರಲಿಲ್ಲ. ಅವನೇ ರೇಡಿಯೋ. ಕೈಗೆ ಕತ್ತರಿ ಬಂದರೆ ಬಾಯಿ ತಾನಾಗಿ ತೆರೆಯುತ್ತಿತ್ತು. ಯಾರ ಮನೆ ಮಾರಾಟಕ್ಕಿದೆ, ಯಾರ ಎಮ್ಮೆ ಯಾರ ತೋಟಕ್ಕೆ ನುಗ್ಗಿತು, ಎಲ್ಲದಕ್ಕೂ ಉಪ್ಪುಖಾರ ಹಚ್ಚಿ ಹೇಳುತ್ತಿದ್ದ. ಕತೆ ಕೇಳುತ್ತ ಗಿರಾಕಿಯ ತಲೆ ಅತ್ತಿತ್ತ ತಿರುಗಿದರೆ ಎರಡೇ ಎರಡು ಬೆರಳು ಕಪಾಳಕ್ಕಿಟ್ಟು ನೇರ ಮಾಡುತ್ತಿದ್ದ. ಪೊಲೀಸಿನವನಿರಲಿ, ಹೆಡ್‌ಮಾಸ್ಟರೇ ಇರಲಿ, ಆ ಎರಡು ಬೆರಳಿಗೆ ಎಲ್ಲರೂ ಬಗ್ಗಲೇಬೇಕು. ಬಾಗಿಲ ಮೇಲೆ ಅವನ ಸೋದರಮಾವನ ಕಾಲದ ಬೋರ್ಡು: ಗಂಡಸರಿಗೆ ಮಾತ್ರ.

ಅದೇ ರೇಡಿಯೋ ಮನೆಯ ಹೊಸಿಲು ದಾಟಿದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಊಟ ಆಯ್ತಾ, ಬಾಗಿಲು ಹಾಕಿದ್ಯಾ, ಇಷ್ಟರಲ್ಲಿ ದಿನದ ಮಾತು ಮುಗಿಯುತ್ತಿತ್ತು. ಓದಿದ್ದು ಗಂಡುಹುಡುಗರ ಶಾಲೆ, ಮಲಗಿದ್ದು ಗಂಡುಹುಡುಗರ ಹಾಸ್ಟೆಲು, ಕೆಲಸ ಕಲಿತದ್ದು ಮಾವನ ಅಂಗಡಿ. ಹೆಂಗಸರ ಜೊತೆ ಮಾತು ಎಲ್ಲಿಂದ ಶುರು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮಗನೂ ಹಾಗೇ ಇದ್ದ. ಅಪ್ಪ ಓದಿದ ಶಾಲೆಗೇ ಹೋಗುತ್ತಿದ್ದ, ಬಂದು ಉಂಡು ಮಲಗುತ್ತಿದ್ದ. ಮನೆಯಲ್ಲಿ ಒಂದರ ಬದಲು ಎರಡು ಮೂಗಬಸವ ಎಂದು ಅವಳು ತಮಾಷೆ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಹಟ ಹಿಡಿದು ಅವನನ್ನು ಹುಡುಗ ಹುಡುಗಿಯರಿಬ್ಬರೂ ಓದುವ ಶಾಲೆಗೆ ಸೇರಿಸಿದವಳೂ ಅವಳೇ. ಹತ್ತಿರವಿದೆ ಅಂತ ನೆಪ ಹೇಳಿದ್ದಳು.

ಹುಡುಗನ ಬಾಯಿ ಅಲ್ಲೇ ಬಿಚ್ಚಿಕೊಂಡಿತು. ತಿಂಗಳೊಪ್ಪತ್ತಿನಲ್ಲಿ ಅಡುಗೆಮನೆಯ ಕಟ್ಟೆ ಹತ್ತಿ ಕೂತು ಅಮ್ಮನ ಹತ್ತಿರ ಹರಟತೊಡಗಿದ. ಅವನು ಹೇಳಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಆಮೇಲೆ? ಆಮೇಲೆ? ಆ ಒಂದು ಮಾತಿಗೆ ಅವಳು ಗಂಟು ಬಿಚ್ಚಿದ ಮೂಟೆಯ ಹಾಗೆ ಸುರಿಯುತ್ತಿದ್ದಳು. ನಡುಮನೆಯಲ್ಲಿ ಪೇಪರು ಹಿಡಿದು ಕೂತ ಗಂಡನಿಗೆ ಎಲ್ಲವೂ ಗೋಡೆಯ ಮೂಲಕವೇ ತಿಳಿಯಬೇಕು. ಅವಳಿಗೆ ನಾಯಿ ಕಂಡರೆ ಭಯ, ಚಿಕ್ಕಂದಿನಲ್ಲಿ ನರ್ಸ್ ಆಗಬೇಕೆಂದಿತ್ತು, ಈಜು ಬರುತ್ತದೆ. ಹೆಂಡತಿಗೆ ಈಜು ಬರುತ್ತದೆ! ಪೇಪರಿನ ಒಂದೇ ಸಾಲನ್ನು ಎಷ್ಟು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಅದಕ್ಕೆ ಅವನು ಇಟ್ಟ ಹೆಸರು, ಹುಡುಗನಿಗೆ ಶಿಸ್ತಿಲ್ಲ.

ಬ್ಲೇಡು ಮರೆತ ದಿನದ ಸಂಜೆ ಕುರ್ಚಿಯಲ್ಲಿ ಗಂಡುಹುಡುಗರ ಶಾಲೆಯ ಡ್ರಿಲ್ ಮೇಷ್ಟ್ರು ಕೂತಿದ್ದರು. ಬೆಂಚಿನ ಮೇಲೆ ಪೋಸ್ಟ್‌ಮ್ಯಾನು.

"ವಾಪಸ್ ನಮ್ಮಲ್ಲಿಗೆ ಹಾಕಯ್ಯ," ಎಂದರು ಮೇಷ್ಟ್ರು. "ಈ ವಯಸ್ಸಲ್ಲಿ ಹುಡುಗಿಯರ ಪಕ್ಕ ಕೂರಿಸಿದ್ರೆ ಹುಡುಗರು ಓದೋದು ಕನ್ನಡಿ ಒಂದನ್ನೇ."

"ಕನ್ನಡಿ ನೋಡಿದ್ರೆ ತಾನೇ ಸಾರ್ ಇವನ ಹೊಟ್ಟೆ ತುಂಬೋದು?" ಎಂದ ಪೋಸ್ಟ್‌ಮ್ಯಾನು. "ನಾನೂ ನಿಮ್ಮ ಶಾಲೇಲೇ ಓದಿದ್ದು. ಮದುವೆ ದಿನ ಹೆಂಡತಿ ಹತ್ರ ಮೊದಲ ಮಾತು ಏನಾಡಿದೆ ಗೊತ್ತಾ? ಲೈಟ್ ಆರಿಸ್ಲಾ ಅಂದೆ."

"ಅವಳೇನಂದ್ಲೋ?"

"ಈಗಿನ್ನೂ ಮಧ್ಯಾಹ್ನ ಅಂದ್ಲು."

ಅಂಗಡಿ ನಗುವಿನಿಂದ ಅಲ್ಲಾಡಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ರೇಡಿಯೋ. ನಗುತ್ತಲೇ ಮೇಷ್ಟ್ರ ಕಿವಿಯ ಹಿಂದೆ ಒಂದು ಸಣ್ಣ ಗೀರು ಹಾಕಿದ.

ಶನಿವಾರ ಮಧ್ಯಾಹ್ನ ಅಂಗಡಿ ತುಂಬಿತ್ತು. ಪೋಸ್ಟ್‌ಮ್ಯಾನು ಕುರ್ಚಿಯಲ್ಲಿ, ಮೂರ್ನಾಲ್ಕು ಜನ ಬೆಂಚಿನ ಮೇಲೆ. ರೇಡಿಯೋ ಯಾರದೋ ಮದುವೆ ಮುರಿದ ಕತೆಯ ತುತ್ತತುದಿಯಲ್ಲಿದ್ದ. ಆಗ ಮಗ ಒಳಗೆ ಬಂದ. ಜೊತೆಗೊಬ್ಬಳು ಹುಡುಗಿ. ಓಟದ ಬೂಟು, ಬೆನ್ನಿಗೆ ಚೀಲ, ಸೊಂಟದವರೆಗೆ ಜಡೆ.

"ಅಪ್ಪಾ, ಇವಳು ನನ್ನ ಕ್ಲಾಸು. ಸೋಮವಾರ ಮಧ್ಯಾಹ್ನ ನಮ್ಮ ಶಾಲೆ ಮೈದಾನದಲ್ಲೇ ಜಿಲ್ಲಾ ಮಟ್ಟದ ಓಟ ಓಡ್ತಾಳೆ. ಜಡೆ ಅಡ್ಡ ಬರುತ್ತಂತೆ, ಪೂರ್ತಿ ಗಿಡ್ಡ ಮಾಡ್ಬೇಕು. ಅವರಮ್ಮ ಹೂಂ ಅಂದಿದ್ದಾರೆ. ಗಿಡ್ಡ ಕಟಿಂಗ್ ಅಂದ್ರೆ ನಮ್ಮಪ್ಪನ್ನ ಮೀರಿಸೋರಿಲ್ಲ ಅಂತ ನಾನೇ ಕರ್ಕೊಂಡು ಬಂದೆ."

ಕತ್ತರಿ ನಿಂತಿತು. ಕತೆಯೂ ನಿಂತಿತು. ಬೆಂಚಿನ ಮೇಲಿದ್ದವರೆಲ್ಲ ಕಾಲು ಮಡಚಿ ನೇರ ಕೂತರು. ಅಂಗಡಿಯಲ್ಲಿ ಫ್ಯಾನಿನ ಸದ್ದು ಕೇಳಿದ್ದು ಬಹುಶಃ ಅದೇ ಮೊದಲು.

"ಇಲ್ಲಿ ಹೆಂಗಸರಿಗೆ ಮಾಡಲ್ಲ," ಎಂದ, ಗೋಡೆಗೆ ಹೇಳಿದ ಹಾಗೆ.

"ಕೂದಲು ಕೂದಲೇ ಅಲ್ವಾ ಅಂಕಲ್?" ಎಂದಳು ಹುಡುಗಿ.

"ಮಾಡಲ್ಲ ಅಂದ್ನಲ್ಲ. ಬೋರ್ಡ್ ಓದೋಕೆ ಬರಲ್ವಾ?"

ಮಗನ ಕಿವಿ ಕೆಂಪಾದವು. ಹುಡುಗಿಗೆ ಏನೂ ಆಗಲಿಲ್ಲ. ಜಡೆಯನ್ನು ಹಗ್ಗದ ಹಾಗೆ ಕೈಗೆ ಸುತ್ತಿಕೊಳ್ಳುತ್ತ, "ಬಿಡೋ, ನೀನೇ ಮಾಡು," ಎಂದಳು. "ನಿಮ್ಮಮ್ಮಂಗೆ ಮಾಡಿದ್ಯಲ್ಲ."

ಇಬ್ಬರೂ ಮೆಟ್ಟಿಲಿಳಿದು ಹೋದರು. ಪೋಸ್ಟ್‌ಮ್ಯಾನು ಕನ್ನಡಿಯಲ್ಲೇ ಅವನ ಮುಖ ನೋಡಿದ.

"ಏನೋ ರೇಡಿಯೋ, ಮನೇಲಿ ಬೇರೆ ಅಂಗಡಿ ಓಪನ್ ಆಗಿದೆ? ನಿನ್ನ ಹೆಂಡತಿಗೇ ನಿನ್ನ ಕಟಿಂಗ್ ಬೇಡ್ವಂತೆ!"

ನಗುವಿನ ನಡುವೆ ಅವನು ಎರಡು ಬೆರಳಿಟ್ಟು ಪೋಸ್ಟ್‌ಮ್ಯಾನಿನ ತಲೆಯನ್ನು ಎಷ್ಟು ಜೋರಾಗಿ ತಿರುಗಿಸಿದನೆಂದರೆ, ಆಸಾಮಿ "ಅಯ್ಯಪ್ಪಾ, ಕತ್ತು!" ಎಂದು ಕೂಗಿಕೊಂಡ.

ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಿಂದ ತಲೆಯೆತ್ತದೆ ಹೇಳಿದ: "ಸೋಮವಾರ ಟಿ.ಸಿ. ತರ್ತೀನಿ. ಇನ್ಮೇಲೆ ಗಂಡುಹುಡುಗರ ಶಾಲೆ. ಡ್ರಿಲ್ ಮೇಷ್ಟ್ರ ಹತ್ರ ಮಾತಾಡಿದೀನಿ."

ಮಗ ಅಮ್ಮನ ಮುಖ ನೋಡಿದ. ಅದನ್ನು ಕಂಡು ಅವನ ಸಿಟ್ಟು ನೆತ್ತಿಗೇರಿತು. "ಅವಳ ಮುಖ ಯಾಕೆ ನೋಡ್ತೀಯ? ಹೇಳಿದ್ದು ನಾನು!"

"ನಾನೇನು ಮಾಡ್ದೆ ಅಪ್ಪಾ?"

"ಏನು ಮಾಡ್ದೆ? ಮನೇಲಿ ನಡೆದದ್ದನ್ನೆಲ್ಲ ಹುಡುಗಿಯರ ಮುಂದೆ ಊದಿಕೊಂಡು ತಿರುಗ್ತೀಯ. ಹೊತ್ತಿಗೆ ಹೊತ್ತು ಹೆಂಗಸರ ಜೊತೆ ಹರಟೆ."

"ನಾನೂ ಹೆಂಗಸೇ," ಎಂದಳು ಅವಳು.

"ನಿನ್ನ ವಿಷಯ ಅಲ್ಲ ಇದು."

"ನನ್ನ ವಿಷಯಾನೇ." ಅವಳು ಸೌಟು ಕೆಳಗಿಟ್ಟಳು. "ಅವನು ನನ್ನ ಕೂದಲು ಕತ್ತರಿಸಿದ್ದಕ್ಕೆ ನಿಮಗೆ ಹೊಟ್ಟೆ ಉರೀತಿದೆ. ಊರ ತಲೆಯೆಲ್ಲ ನೀವು ಮುಟ್ಟಿದ್ದೀರಿ. ನನ್ನದು?"

"ನೀನು ಕೇಳಿದ್ಯಾ?"

"ಕೇಳಿದ್ದೆ. ಮದುವೆಯಾದ ಹೊಸದರಲ್ಲಿ. ಅದೆಲ್ಲ ನನಗೆ ಬರಲ್ಲ ಅಂದ್ರಿ."

ಅವನಿಗೆ ನೆನಪಿರಲಿಲ್ಲ. ಕೈ ತೊಳೆದು ಎದ್ದುಬಿಟ್ಟ. ಭಾನುವಾರವಿಡೀ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅಡುಗೆಮನೆಯ ಕಟ್ಟೆ ಖಾಲಿ ಇತ್ತು. ಅವನು ಬಯಸಿದ್ದು ಅದೇ ತಾನೆ? ಪೇಪರನ್ನು ಪೂರ್ತಿ ಓದಿ ಮುಗಿಸಿದ, ಜಾಹೀರಾತು ಸಹಿತ. ಗೋಡೆಯ ಆ ಕಡೆಯಿಂದ ಪಾತ್ರೆ ಇಟ್ಟ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ.

ಸೋಮವಾರ ಶಾಲೆಯ ಆಫೀಸಿನಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬಳು ಗುಮಾಸ್ತೆಯಾಗಿದ್ದಳು. ಅವನು ಬಂದ ಕೆಲಸ ಹೇಳಿದ ಮೇಲೆ ಪೆನ್ನು ತೆರೆದಳು.

"ಕಾರಣ ಏನಂತ ಬರೀಲಿ?"

"ಕಾರಣ..."

"ಊರು ಬಿಡ್ತಿದ್ದೀರಾ?"

"ಇಲ್ಲ."

"ಮೇಷ್ಟ್ರುಗಳ ಮೇಲೆ ಏನಾದ್ರೂ ದೂರು? ಹುಡುಗನ ಮೇಲೆ?"

"ಅವನ ಮೇಲೆ ಏನಿರುತ್ತೆ?" ಎಂದ ಒರಟಾಗಿ.

"ಮತ್ತೆ? ಏನಾದ್ರೂ ಹೇಳಿ, ಬರೀಬೇಕಲ್ಲ."

ಶಿಸ್ತು ಎಂದು ಹೇಳಲೆಂದೇ ಬಂದಿದ್ದ. ದಾರಿಯುದ್ದಕ್ಕೂ ಆ ಮಾತನ್ನೇ ಬಾಯಲ್ಲಿ ಹೊರಳಿಸಿಕೊಂಡು ಬಂದಿದ್ದ. ಅವಳ ಹಿಂದಿನ ಕಿಟಕಿಯಾಚೆ ಮೈದಾನವಿತ್ತು. ಓಟದ ಹುಡುಗಿ ಮಕ್ಕಳ ಗುಂಪಿನ ನಡುವೆ ನಿಂತಿದ್ದಳು. ಜಡೆ ಹೋಗಿತ್ತು. ಕತ್ತಿನ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ, ಕಿವಿಯ ಹತ್ತಿರ ಕತ್ತೆ ಮೇದ ಹಾಗೆ, ನೋಡಿದರೆ ಕೈ ನವೆಯಾಗುವಂಥ ಕಟಿಂಗು. ಮಗ ಅವಳ ಹಿಂದೆ ನಿಂತು ತನ್ನ ಕೆಲಸವನ್ನು ಪರೀಕ್ಷೆ ಮಾಡುತ್ತಿದ್ದ. ಅವಳು ಏನೋ ಹೇಳುತ್ತ ತಲೆ ತಿರುಗಿಸಿದಳು. ಹುಡುಗ ಎರಡು ಬೆರಳು ಕಪಾಳಕ್ಕಿಟ್ಟು ನೇರ ಮಾಡಿದ. ಅವಳು ಮಾತು ನಿಲ್ಲಿಸಲಿಲ್ಲ. ಅವನೂ ಕೇಳುವುದನ್ನು ನಿಲ್ಲಿಸಲಿಲ್ಲ.

ಆ ಎರಡು ಬೆರಳು ತನ್ನವು. ಆ ಕೇಳುವ ಮುಖ ತನ್ನದಲ್ಲ.

"ಹೇಳಿ," ಎಂದಳು ಗುಮಾಸ್ತೆ.

"ಏನಿಲ್ಲ," ಎಂದು ಎದ್ದ. "ಬೇಡ. ಬರೀಬೇಡಿ."

ಸಂಜೆ, ಹೊತ್ತಿಗೆ ಮುಂಚೆಯೇ ಅಂಗಡಿಯ ಬಾಗಿಲೆಳೆದು, ಒಳ್ಳೆಯ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದ. ಅವಳು ಹಿತ್ತಲಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಎಡಗಡೆ ಓರೆಯಾಗಿದೆ. ಕೂತ್ಕೋ," ಎಂದ.

"ಬರಲ್ಲ ಅಂದಿದ್ರಿ."

"ಕೂತ್ಕೋ ಅಂದೆ."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿದಳು. ಆಮೇಲೆ ಸ್ಟೂಲು ಎಳೆದುಕೊಂಡು, ಆ ಕಡೆ ಮುಖ ಮಾಡಿ ಕೂತು ತುರುಬು ಬಿಚ್ಚಿದಳು. ಕೂದಲು ಒಮ್ಮೆಲೇ ಜಾರಿ, ಹಿಂದೆ ಮಂಡಿಯೂರಿ ಕೂತ ಅವನ ತೊಡೆಯ ಮೇಲೆ ಬಿತ್ತು. ಇಷ್ಟು ಉದ್ದದ ಕೂದಲಿಗೆ ಅವನ ಬಾಚಣಿಗೆ ಎಂದೂ ಇಳಿದಿರಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಸಿಕ್ಕು. ಬಿಡಿಸಿದ. ಮತ್ತೆ ಸಿಕ್ಕು. ಅಲ್ಲಲ್ಲಿ ಬಿಳಿಯೆಳೆ. ಅಂಗಡಿಯಲ್ಲಿ ಕತ್ತರಿ ಆಡಿದರೆ ಬಾಯಿ ಆಡುತ್ತಿತ್ತು. ಇಲ್ಲಿ ಕತ್ತರಿ ಕೈಯಲ್ಲಿದ್ದೂ ಬಾಯಿ ಒಣಗಿತ್ತು.

"ಟಿ.ಸಿ. ತರಲಿಲ್ಲ," ಎಂದ ಕೊನೆಗೆ.

"ಗೊತ್ತು. ಗುಮಾಸ್ತೆ ಅವನ ಹತ್ರ ಅಂದ್ರಂತೆ. ಮಧ್ಯಾಹ್ನ ಊಟಕ್ಕೆ ಬಂದಾಗ ಹೇಳಿದ."

ಇದನ್ನೂ ಮಗನೇ ಮೊದಲು ಹೇಳಿದ್ದಾನೆ. ಅವನು ಎಡಗಡೆಯ ತುದಿಯನ್ನು ಬೆರಳ ಸಂದಿಯಲ್ಲಿ ಹಿಡಿದ. ಕತ್ತರಿ ಬಾಯಿ ತೆರೆಯಿತು. ಹಾಗೇ ನಿಂತಿತು.

"ಆಮೇಲೆ?" ಎಂದ.

"ಏನು ಆಮೇಲೆ?"

"ಕಾಲುವೆ. ನಕ್ಕೂ ನಕ್ಕೂ ನೀರು ಕುಡಿದ್ಯಲ್ಲ. ಆಮೇಲೆ?"

ಮಡಿಲಲ್ಲಿದ್ದ ಅವಳ ಕೈ ಸೆರಗಿನ ಅಂಚನ್ನು ಮಡಚಿತು, ಬಿಚ್ಚಿತು.

"ಆಮೇಲೆ," ಎಂದಳು ಮೆಲ್ಲಗೆ, "ಹೆಂಗೋ ಕೈಕಾಲು ಬಡಿದು ಆ ಕಡೆ ದಡ ಹಿಡ್ಕೊಂಡೆ. ಹತ್ತಿ ನೋಡ್ತೀನಿ, ಅಲ್ಲಿ..."

ಮುಂಬಾಗಿಲು ಧಡ್ ಎಂದಿತು. ಚೀಲ ನೆಲಕ್ಕೆ ಬಿದ್ದ ಸದ್ದು. "ಅಮ್ಮಾ! ಅವಳು ಫಸ್ಟ್ ಬಂದ್ಲಮ್ಮಾ!"

ಅವಳ ತಲೆ ಆ ದನಿಯ ಕಡೆಗೆ ತಿರುಗಿತು. ಬೆರಳ ಸಂದಿಯಿಂದ ಕೂದಲು ಜಾರಿಹೋಯಿತು. ಅಭ್ಯಾಸಬಲದಿಂದ ಅವನ ಎರಡು ಬೆರಳು ಮೇಲೆದ್ದು ಅವಳ ಕಪಾಳದವರೆಗೆ ಹೋದವು. ಮುಟ್ಟಲಿಲ್ಲ, ಕೆಳಗೂ ಇಳಿಯಲಿಲ್ಲ.