ವಲ್ಲಿಯ ಕೆಳಗೆ ಹಿಡಿದ ಕೈ

ಜಪಾನಿನ ರೇಷ್ಮೆ ಅಗ್ಗವಾಗಿ ಬಂದು ಕೋಲಾರದ ಸೀಮೆಯವರ ಹೊಟ್ಟೆಯ ಮೇಲೆ ಹೊಡೆದಾಗ, ಹುಳು ಸಾಕುವ ಬೆಳೆಗಾರರೂ ನೂಲು ಬಿಚ್ಚುವವರೂ ಸೇರಿ ಒಂದು ಸಂಘ ಕಟ್ಟಿದರು. ಹೊರಗಿನ ರೇಷ್ಮೆಗೆ ಸುಂಕ ಏರಿಸಿ ಎಂದು ಸರ್ಕಾರವನ್ನು ಕೇಳುವುದಷ್ಟೇ ಅದರ ಕೆಲಸ. ಆದರೆ ಅಹವಾಲಿನಲ್ಲಿ ಯಾರ ಕಷ್ಟ ಮೊದಲು ಬರೆಯಬೇಕು ಎನ್ನುವಲ್ಲಿಗೆ ಗಾಡಿ ನಿಂತುಬಿಟ್ಟಿತು. ಬೆಳೆಗಾರರು ನಮ್ಮದು ಎಂದರು, ನೂಲಿನವರು ನಮ್ಮದು ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ವರ್ಷ ಕಳೆದರೂ ಅಹವಾಲು ಬೆಂಗಳೂರಿನ ದಾರಿ ಹಿಡಿಯಲಿಲ್ಲ.

ಈ ಕಿತ್ತಾಟದಲ್ಲಿ ಹೋಳೂರಿನ ಗಂಗುಲಪ್ಪನಿಗೆ ಆದ ನಷ್ಟವೇ ಬೇರೆ. ಬೆಳೆಗಾರರು ಅವನನ್ನು ಮುಂದಾಳು ಮಾಡಿದರು. ನೂಲಿನವರು ಕೋಲಾರದ ಬುಡನ್ ಸಾಬನನ್ನು ಮಾಡಿದರು. ಇಬ್ಬರೂ ಮೀಸೆ ಮೂಡುವ ಮೊದಲಿನಿಂದ ಸ್ನೇಹಿತರು. ಗಂಗುಲಪ್ಪನ ರೇಷ್ಮೆಗೂಡು ಬುಡನ್ ಸಾಬನ ನೂಲು ಬಿಚ್ಚುವ ಒಲೆಗಲ್ಲದೆ ಬೇರೆಡೆ ಹೋದದ್ದಿಲ್ಲ. ಮಗಳು ಭಾರತಮ್ಮನ ಧಾರೆ ಸೀರೆಯ ನೂಲೂ ಅಲ್ಲಿಂದಲೇ ಬಂದದ್ದು. ಒಂದು ಸಭೆಯಲ್ಲಿ ಗಂಗುಲಪ್ಪ ರೇಗಿ, ನೂಲಿನವರೆಲ್ಲ ತೂಕದಲ್ಲಿ ಮೋಸ ಮಾಡುವ ಜನ ಎಂದುಬಿಟ್ಟ. ಬುಡನ್ ಸಾಬ್ ಎದ್ದು ಹೋದ. ಅಂದಿನಿಂದ ಗೂಡು ಬೇರೆಯವರ ಪಾಲಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಗುಲಪ್ಪನಿಗೆ ಸಂಘದಲ್ಲಿ ಗೆಲ್ಲುವ ಆಸೆಯೇನೂ ಇರಲಿಲ್ಲ. ಗೆಳೆಯ ಮತ್ತೆ ಬೇಕಿತ್ತು. ಹೋಗಿ ಮಾತಾಡಿಸಬಾರದೇ ಎಂದು ಹೆಂಡತಿ ಅಂಜಮ್ಮ ಕೇಳಿದರೆ, ಅವನೇ ಬರಲಿ ಎನ್ನುವನು. ಅಷ್ಟು ಹೇಳಿ ಅರ್ಧ ಊಟಕ್ಕೇ ಎದ್ದುಬಿಡುವನು.

ಕೊನೆಗೆ ಎರಡು ಕಡೆಯವರಿಗೂ ಸೇರದ ಊರೆಂದು ಟೇಕಲ್ ಸ್ಟೇಷನ್ ಪಕ್ಕದ ಛತ್ರದಲ್ಲಿ ಸಭೆ ಸೇರಿತು. ಸಂಘದ ಕಮಿಟಿಯಲ್ಲಿ ಒಂಬತ್ತು ಜಾಗ. ಐದು ಯಾರಿಗೋ ಸಂಘ ಅವರದು, ಅಹವಾಲೂ ಅವರು ಹೇಳಿದಂತೆ. ಬಾಯಿಮಾತಿಗೆ ಬಿಟ್ಟರೆ ಹೊಡೆದಾಟವೇ ಆದೀತೆಂದು, ಗೂಡಿನ ವ್ಯಾಪಾರದಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ಹಾಗೆಯೇ ಇದೂ ತೀರ್ಮಾನವಾಗಲಿ ಎಂದರು. ಮುಂದಾಳುಗಳಿಬ್ಬರೂ ಹೆಗಲ ಮೇಲಿನ ವಲ್ಲಿಯ ಕೆಳಗೆ, ಯಾರಿಗೂ ಕಾಣದಂತೆ, ಕೈ ಸೇರಿಸಬೇಕು. ಗಂಗುಲಪ್ಪ ಎಷ್ಟು ಬೆರಳು ಹಿಡಿಯುತ್ತಾನೋ ಅಷ್ಟು ಜಾಗ ನೂಲಿನವರಿಗೆ ಬಿಟ್ಟ ಹಾಗೆ. ಪೂರ್ತಿ ಕೈ ಹಿಡಿದರೆ ಐದು. ಬೆಳೆಗಾರರಲ್ಲಿ ಬಾಯಿಜೋರಿನವನಾದ ಚನ್ನರಾಯಪ್ಪ, ನಾಲ್ಕರ ಮೇಲೆ ಒಂದು ಬೆರಳೂ ಬೇಡವೆಂದು ಗಂಗುಲಪ್ಪನ ಕಿವಿಯಲ್ಲಿ ಒತ್ತಿ ಹೇಳಿದ.

ಇಬ್ಬರೂ ಎದುರುಬದುರು ಕೂತರು. ಬುಡನ್ ಸಾಬ್ ಮುಖ ಎತ್ತಲಿಲ್ಲ. ಗಂಗುಲಪ್ಪ ವಲ್ಲಿಯ ಕೆಳಗೆ ಕೈ ಹಾಕಿ ಬೆರಳು ಹುಡುಕಿದವನು ಬೆಚ್ಚಿದ. ಅವನು ಬಲ್ಲದ್ದು ಯಜಮಾನಿಕೆಯ ಮೆತ್ತನೆಯ ಕೈ. ಈ ಕೈಯ ಬೆರಳ ತುದಿಗಳೆಲ್ಲ ಬೆಂದು, ಚರ್ಮ ಸುಲಿದು, ಹಸಿಹಸಿಯಾಗಿದ್ದವು. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕುವ ಕೂಲಿಯವರ ಕೈ ಹೀಗಿರುತ್ತದೆ. ಹಾಗಾದರೆ ಕೂಲಿ ಕೊಡಲಾಗದೆ ಆಳುಗಳನ್ನು ಬಿಡಿಸಿ, ಇವನೇ ಒಲೆಯ ಮುಂದೆ ಕೂರುತ್ತಿದ್ದಾನೆ. ಗಂಗುಲಪ್ಪನಿಗೆ ಚನ್ನರಾಯಪ್ಪನ ನಾಲ್ಕು, ಸಂಘ, ಸುಂಕ ಒಂದೂ ನೆನಪಿಗೆ ಬರಲಿಲ್ಲ. ಆ ಕೈಯನ್ನು ನೋಯದ ಹಾಗೆ ಪೂರ್ತಿ ತನ್ನ ಅಂಗೈಯೊಳಗೆ ಇಟ್ಟುಕೊಂಡ. ಇಟ್ಟುಕೊಂಡವನು ಬಿಡಲಿಲ್ಲ.

ಆಗ ಬುಡನ್ ಸಾಬ್ ಮುಖ ಎತ್ತಿದ. ಇದು ವ್ಯಾಪಾರದ ಹಿಡಿತವಲ್ಲವೆಂದು ಅವನಿಗೆ ತಿಳಿದದ್ದು ಕಣ್ಣಿನಲ್ಲೇ ಕಾಣುತ್ತಿತ್ತು. ಎಷ್ಟಾಯಿತು ಎಂದು ಜನ ಕೇಳಿದರು.

“ನಾಲ್ಕು ಹಿಡಿದವ್ನೆ. ಒಪ್ಕೊಂಡೆ,” ಎಂದ ಬುಡನ್ ಸಾಬ್.

ಬೆಳೆಗಾರರು ಹಿಗ್ಗಿದರು. ನೂಲಿನವರ ತಾಜ್ ಪಾಷಾ ಹಣೆ ಚಚ್ಚಿಕೊಂಡ. ಗಂಗುಲಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಸಂಘ ಅವನದೇ ಆಗುತ್ತಿತ್ತು.

“ಸುಳ್ಳು. ನಾನು ಹಿಡಿದಿದ್ದು ಐದು,” ಎಂದ ಅವನು. “ಅವರಿಗೆ ಐದು ಕೊಡಿ. ಒಲೆ ಮುಂದೆ ಕೂರೋರ ಕಷ್ಟಾನೇ ಮೊದಲು ಬರೀರಿ.”

ಚನ್ನರಾಯಪ್ಪ ಕುಲದ್ರೋಹಿ ಎಂದು ಕೂಗಾಡಿದ, ಇನ್ನೂ ನಾಲ್ವರು ದನಿಗೂಡಿಸಿದರು. ಗಂಗುಲಪ್ಪನ ಕಿವಿಗೆ ಒಂದೂ ಬೀಳಲಿಲ್ಲ. ಅವನು ಮುಂದಕ್ಕೆ ಬಾಗಿ, ಎದುರಿನವನಿಗಷ್ಟೇ ಕೇಳುವಂತೆ, ಇಷ್ಟಾದರೂ ಒಂದು ಮಾತು ಯಾಕೆ ಹೇಳಿ ಕಳಿಸಲಿಲ್ಲವೆಂದು ಕೇಳಿದ.

“ನೀನು ಗೂಡು ತಗೊಂಡು ಬರ್ತೀಯ, ಬಂದ್ರೆ ಹೇಗೂ ನೋಡ್ತೀಯಲ್ಲ ಅಂತ ಇದ್ದೆ ಕಣೋ,” ಎಂದ ಬುಡನ್ ಸಾಬ್. “ನೀನು ಬರಲೇ ಇಲ್ಲ.”

ಗಂಗುಲಪ್ಪ ಅಷ್ಟು ಜನರ ಮುಂದೆ, ನಾಚಿಕೆಯಿಲ್ಲದೆ ಅತ್ತುಬಿಟ್ಟ.