ಸ್ಥಳದಲ್ಲಿ ಹಾಜರಿದ್ದ ದಾಸಪ್ಪ

ಗುಂಡು ಹೊಡೆದ ಇನ್ಸ್‌ಪೆಕ್ಟರ್ ಮೇಲೆ ಬಸಕ್ಕ ಕೊಟ್ಟ ದೂರಿನ ವಿಚಾರಣೆ, ಆ ಇನ್ಸ್‌ಪೆಕ್ಟರನ ಸ್ಟೇಷನ್ನಿನಲ್ಲೇ ಇತ್ತು. ಬೇಲಿ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ ಅಂತ ಹಿಂದಿನವರು ಕೇಳಿ ಸುಮ್ಮನಾಗಿದ್ದರು. ಬೇಲಿಗೇ ಹೇಳಿ, ಎರಡು ಪ್ರತಿ ತನ್ನಿ ಅನ್ನುತ್ತದೆ ಈಗಿನ ಕಾಲ.

ಬಸಕ್ಕ ಸುರಪುರದ ಕಡೆಯವಳು. ಬೊಮ್ಮಸಂದ್ರದ ಔಷಧಿ ಫ್ಯಾಕ್ಟರಿಯಲ್ಲಿ ಮಾತ್ರೆ ಪ್ಯಾಕಿಂಗು. ಸೆಂಟ್ರಿಂಗ್ ಕೆಲಸದ ಅವಳ ತಮ್ಮ ಹಣಮಂತನನ್ನು ಮೊಬೈಲ್ ಕಸಿದ ಕೇಸಿನಲ್ಲಿ ಎತ್ತಿಕೊಂಡು ಹೋದರು. ಮಾರನೆಯ ಬೆಳಿಗ್ಗೆ, ಬಚ್ಚಿಟ್ಟ ಮೊಬೈಲು ತೋರಿಸು ಅಂತ ನೀಲಗಿರಿ ತೋಪಿಗೆ ಕರೆದೊಯ್ದರಂತೆ. ಅಲ್ಲಿ ಅವನು ಕಾನ್‌ಸ್ಟೇಬಲ್ ತಲೆಗೆ ಕಲ್ಲೆತ್ತಿದನಂತೆ, ಓಡಿದನಂತೆ. ಇನ್ಸ್‌ಪೆಕ್ಟರ್ ಕೊಟ್ರೇಶ್ ಆತ್ಮರಕ್ಷಣೆಗೆ ಮೊಣಕಾಲಿಗೆ ಗುಂಡು ಹಾರಿಸಿದರಂತೆ. ಟೀವಿಯವರು ಆ ಕಾಲನ್ನೇ ದಿನವಿಡೀ ತೋರಿಸಿದರು. ಬಡಾವಣೆಯವರು ಕೊಟ್ರೇಶನಿಗೆ ಶಾಲು ಹೊದಿಸಿದರು. ಹಣಮಂತ ಕಾಲಲ್ಲಿ ರಾಡು ಹಾಕಿಸಿಕೊಂಡು ಜೈಲಿನಲ್ಲಿ ಬಿದ್ದಿದ್ದ, ಪೊಲೀಸರನ್ನು ಕೊಲ್ಲಲು ಹೋದ ಕೇಸು ಮೈಮೇಲೆ. ಇವತ್ತು ಈ ದೂರು ಮುಚ್ಚಿತೆಂದರೆ ಆ ಕೇಸೇ ಸತ್ಯವಾಗಿ ನಿಲ್ಲುತ್ತದೆ.

ಕಲ್ಲೆತ್ತಿದ್ದನ್ನು ಕಣ್ಣಾರೆ ಕಂಡ ಸಾಕ್ಷಿ ಒಬ್ಬನೇ. ಅವನು ಬಸಕ್ಕನ ಮನೆ ಮಾಲೀಕ ದಾಸಪ್ಪ.

ದಾಸಪ್ಪ ಊರಿನ ಹಳೇ ಕುಳ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಬಾಡಿಗೆ ಕೋಣೆಗಳು. ಸ್ಟೇಷನ್ನಿನವರಿಗೆ ಸಾಕ್ಷಿ ಸಹಿಗೆ ಪಂಚರು ಬೇಕಾದಾಗೆಲ್ಲ ಅವನಿಗೇ ಫೋನು. ಅವನು ಹೋಗಿ ಖಾಲಿ ಹಾಳೆಯ ಬುಡದಲ್ಲಿ ಸಹಿ ಹಾಕಿ, ಟೀ ಕುಡಿದು ಬರುವುದು ವಾಡಿಕೆ. ಬಾಡಿಗೆದಾರರ ತಂಟೆ ತಕರಾರಿಗೆ ಪೊಲೀಸರು ಬೇಕಾಗುತ್ತಾರಲ್ಲ, ಋಣ. ಇದೇನು ಗುಟ್ಟಲ್ಲ, ಊರಿಗೇ ಗೊತ್ತು. ತೋಪಿನಲ್ಲಿ ಗುಂಡು ಹಾರಿದ ಹೊತ್ತಿಗೆ ದಾಸಪ್ಪ ನೀರಿನ ಟ್ಯಾಂಕರಿನ ಪೈಪು ಹಿಡಿದು ಹೆಂಗಸರ ಮೇಲೆ ರೇಗುತ್ತಿದ್ದದ್ದನ್ನು ವಠಾರವೆಲ್ಲ ಕಂಡಿತ್ತು.

ವಿಚಾರಣೆಗೆ ಬಂದವರು ಅಂಬರೀಶ್ ಅನ್ನುವ ಡಿವೈಎಸ್ಪಿ. ಬಸಕ್ಕನ ಕಡೆ ನೋಡದೆ ಫೈಲು ತಿರುವಿದರು.

"ಏನಮ್ಮ, ತಮ್ಮ ಚೆನ್ನಾಗಿದಾನಾ?"

"ಜೈಲಿನಾಗ ಅದಾನ್ರಿ."

"ಅಲ್ಲ, ಬದುಕಿದಾನಲ್ಲ. ಸತ್ತಿದ್ರೆ ಪ್ರೊಸೀಜರ್ರೇ ಬೇರೆ ಇತ್ತು. ಮ್ಯಾಜಿಸ್ಟ್ರೇಟ್ ಎನ್‌ಕ್ವೈರಿ, ಬೇರೆಯವರ ತನಿಖೆ, ಎಲ್ಲಾ ಆಗ್ತಿತ್ತು. ಇಂಜುರಿಗೆ ಇಷ್ಟೇ."

"ಅಂದ್ರ ಅವ ಸಾಯ್ಬೇಕಿತ್ತೇನ್ರಿ?"

"ನಾನು ಹಂಗಂದ್ನಾ? ರೂಲ್ ಹೇಳ್ದೆ."

"ಟ್ಯಾಂಕರ್ ಕಡೆ ಈ ದಾಸಪ್ಪನವರನ್ನ ನೋಡಿದ ಹೆಣ್ಮಕ್ಕಳನ್ನೆಲ್ಲ ಕರ್ಕೊಂಡು ಬರ್ತೀನಂದ್ರ ಬ್ಯಾಡ ಅಂದ್ರಿ."

"ಅವ್ರೆಲ್ಲ ನಿಮ್ ಕಡೆಯೋರಮ್ಮ. ಇಂಡಿಪೆಂಡೆಂಟ್ ಸಾಕ್ಷಿ ಆಗಲ್ಲ."

"ಮತ್ತ ಇವ್ರು?"

"ಇವ್ರು ಸ್ಥಳೀಯರು."

ಬಸಕ್ಕ ಗೋಡೆಗೆ ತಲೆ ಚಚ್ಚಿಕೊಳ್ಳಬಹುದಿತ್ತು, ಆದರೆ ಅದೂ ಅವರದೇ ಗೋಡೆ. ಹಾಗೇನಾದರೂ ಮಾಡಿದರೆ ಸರ್ಕಾರಿ ಆಸ್ತಿಗೆ ಹಾನಿ ಅಂತ ಇನ್ನೊಂದು ಕೇಸು.

ಪಕ್ಕದ ಕುರ್ಚಿಯಲ್ಲಿ ದಾಸಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಮದುವೆಗೆ ಬಂದವನಂತೆ ಕೂತಿದ್ದ. ಅಂಬರೀಶ್ ಪೆನ್ನು ಎತ್ತಿಕೊಂಡು, "ದಾಸಪ್ಪನೋರೇ, ಅವತ್ತು ನೀವು ಕಂಡದ್ದು ಹೇಳಿ," ಅಂದರು.

ದಾಸಪ್ಪ ಗಂಟಲು ಸರಿಮಾಡಿಕೊಂಡ. "ಬೆಳಿಗ್ಗೆ ಸ್ವಾಮಿ, ನಾನು ಅಂಗೇ ವಾಕಿಂಗ್ ಓಗ್ತಿದ್ದೆ. ಕೆರೆ ಏರಿ ಮೇಲೆ ಜೀಪ್ ನಿಂತಿತ್ತು. ಈ ಆಸಾಮಿ ಪೊದೆಯಿಂದ ಮಚ್ಚು ತೆಗೆದು ಇಂಗೆ ಬೀಸಿದ. ಸಾಹೇಬ್ರು ನಿಲ್ಲು ಅಂದ್ರು, ನಿಲ್ಲಲಿಲ್ಲ. ನೀರಿಗೆ ಆರೋಕೆ ಓದಾಗ ಒಡೆದ್ರು."

ಪೆನ್ನು ನಿಂತಿತು. ಅಂಬರೀಶ್ ಮೆಲ್ಲಗೆ, "ಅದಲ್ಲ ದಾಸಪ್ಪನೋರೇ. ಅದು ಹೋದ ವರ್ಷದ್ದು. ಇದು ತೋಪಿನದು, ಕಲ್ಲು," ಅಂದರು.

"ಓ, ಕಲ್ಲಿಂದಾ? ಸರಿ, ಕಲ್ಲು ಅಂತ ಆಕ್ಕಳಿ."

ಬಸಕ್ಕನಿಗೆ ನಗು ಬಂತು. ಬಂದ ನಗುವಿಗೆ ಅಳು ಅಡ್ಡ ನಿಂತಿತು. "ಸಾಹೇಬ್ರ, ಅವರು ಮೊದಲ ಏನಂದ್ರೋ ಅದನ್ನ ಬರೀರಿ. ಕೆರಿ, ಮಚ್ಚು, ಎಲ್ಲಾ."

"ಅದು ಬೇರೆ ಕೇಸಮ್ಮ."

"ಅದಕ್ಕ ಬರೀರಿ. ನೀವು ಬರೆಯೋತನಾ ನಾನು ನನ್ನ ಹೇಳಿಕೆಗೆ ಸೈನ್ ಮಾಡಂಗಿಲ್ಲ."

"ಸೈನ್ ಮಾಡಿಲ್ಲ ಅಂದ್ರೆ ದೂರುದಾರರು ಸಹಕರಿಸಲಿಲ್ಲ ಅಂತ ಕ್ಲೋಸ್ ಮಾಡ್ತೀನಿ. ಅಷ್ಟೇ ತಾನೇ ಬೇಕು?" ಅಂಬರೀಶ್ ಕನ್ನಡಕ ತೆಗೆದು ಕಣ್ಣುಜ್ಜಿದರು. "ಪಾಪ, ವಯಸ್ಸಾಗಿದೆ ಅವರಿಗೆ. ಅರಳುಮರಳು. ಏನೋ ಒಂದಕ್ಕೊಂದು ಸೇರಿಸಿ ಹೇಳಿದ್ರು. ಅದನ್ನೇ ಹಿಡ್ಕೊಂಡು ಕೂತ್ರೆ ಹೆಂಗೆ?"

ಇಷ್ಟು ಹೊತ್ತೂ ಬೆಣ್ಣೆಯಂತಿದ್ದ ದಾಸಪ್ಪನ ಮುಖ ಬಿಗಿಯಿತು. ಪಂಚಾಯ್ತಿಗೆ ನಿಂತು ಗೆದ್ದ ಮನುಷ್ಯ. ಯಾವ ಸರ್ವೆ ನಂಬರು ಯಾರ ತಾತನದು ಅಂತ ಈಗಲೂ ಬ್ರೋಕರುಗಳು ಬಂದು ಕೇಳುತ್ತಿದ್ದದ್ದು ಅವನನ್ನೇ. ಈ ಹೆಂಗಸು ನಾಳೆ ನಲ್ಲಿ ಹತ್ತಿರ ನಿಂತು ಓನರಿಗೆ ಅರಳುಮರಳು ಅಂತ ಹೇಳಿದರೆ?

"ಯಾರಿಗ್ರೀ ಅರಳುಮರಳು?"

"ಅಲ್ಲ ದಾಸಪ್ಪನೋರೇ, ನಿಮ್ಮನ್ನ ಉಳಿಸೋಕೇ ಅಂದೆ."

"ನನ್ನನ್ನೇನ್ ಉಳಿಸ್ತೀರಾ? ನನ್ ಗ್ಯಾಪಕ ಸರಿಯಾಗೈತೆ. ಕೆರೆ ತಾವ ಗುಂಡು ಬಿದ್ದಾಗ ನಾನು ಮಗಳ ಮನೇಲಿದ್ದೆ, ಕಾಡುಗೋಡೀಲಿ. ತೋಪಲ್ಲಿ ಬಿದ್ದಾಗ ಟ್ಯಾಂಕರ್ ತಾವಿದ್ದೆ. ಎರಡು ಕಡೆನೂ ನಾನಿರಲಿಲ್ಲ. ಮರೆಯೋಕೆ ನೋಡಿದ್ರೆ ತಾನೇ?"

ಏನು ಹೇಳಿಬಿಟ್ಟೆ ಅಂತ ಅವನಿಗೆ ಆಮೇಲೆ ಹೊಳೆಯಿತು. ಅಷ್ಟರಲ್ಲಿ ಬಸಕ್ಕ ಎದ್ದು ಮೇಜಿನ ಹತ್ತಿರ ಬಂದಿದ್ದಳು.

"ಇದನ್ನಾರ ಬರೀರಿ. ಇದು ಇದೇ ಕೇಸಿಂದು."

ಬಾಗಿಲಲ್ಲಿ ಕೊಟ್ರೇಶ್ ಬಂದು ನಿಂತ, ಸೊಂಟದಲ್ಲಿ ಅದೇ ಪಿಸ್ತೂಲು. "ಏನ್ ದಾಸಪ್ಪ, ಟೀ ಕುಡಿದ್ರಾ?" ಅಂದವನು ಬಸಕ್ಕನ ಕಡೆ ತಿರುಗಿದ. "ನೋಡಮ್ಮ, ದೂರು ವಾಪಸ್ ತಗೋ. ಬೇಲ್‌ಗೆ ನಾವು ಅಡ್ಡ ಬರಲ್ಲ. ತಮ್ಮ ವಾರದೊಳಗೆ ಮನೇಲಿರ್ತಾನೆ."

ಹಣಮಂತ ಮನೆಯಲ್ಲಿ. ಬಸಕ್ಕನಿಗೆ ಒಂದು ಸಲ ಆಸೆಯಾಯಿತು. ಆಮೇಲೆ ಅವನು ಕುಂಟುತ್ತ ಕೋರ್ಟಿಗೆ ಅಲೆಯುವುದು, ಪೊಲೀಸರನ್ನು ಕೊಲ್ಲಲು ಹೋದವನು ಅಂತ ಜಡ್ಜು ಅವನ ಹೆಸರು ಕೂಗಿಸುವುದು ಕಣ್ಣಿಗೆ ಕಟ್ಟಿತು.

"ಅವನೇ ಹೇಳಿ ಕಳಿಸ್ಯಾನ್ರಿ," ಅಂದಳು, "ಕಾಲಂತೂ ಹೋತು, ಮಾತಾದ್ರೂ ಉಳಸು ಅಂತ." ಅಂಬರೀಶರ ಕಡೆ ತಿರುಗಿದಳು. "ಬರೀರಿ. ಇಲ್ಲಾಂದ್ರ ಈ ಸಾಹೇಬ್ರು ಬೇಲಿನ ಆಸೆ ತೋರಿಸಿದ್ದೂ ಸೇರಿಸಿ ಹೈಕೋರ್ಟಿನಾಗ ಹೇಳ್ತೀನಿ. ವಕೀಲರು ಹೊರಗ ಕುಂತಾರ."

ಅಂಬರೀಶ್ ಕೊಟ್ರೇಶನನ್ನು ನೋಡಿದರು. ಸ್ಟೇಷನ್ನು ಅವನದು, ಹಾಳೆಯ ಕೆಳಗೆ ಬರುವ ಹೆಸರು ತನ್ನದು. ಬೈಗುಳ ಬರೆಯುವವರ ಹಾಗೆ ಹಲ್ಲು ಕಚ್ಚಿ ಒಂದು ಸಾಲು ಗೀಚಿದರು: ಸಾಕ್ಷಿಯು ತಾನು ಸ್ಥಳದಲ್ಲಿರಲಿಲ್ಲವೆಂದು ಹೇಳುತ್ತಾನೆ. ದಾಸಪ್ಪ ಯಾರ ಮುಖವನ್ನೂ ನೋಡದೆ ಸಹಿ ಹಾಕಿದ. ಬಸಕ್ಕ ತನ್ನ ಹೇಳಿಕೆಗೆ ಹಾಕಿ, ಪ್ರತಿ ಕೇಳಿ ಇಸಿದುಕೊಂಡಳು.

ಹೊರಗೆ ಬರುತ್ತಲೇ ದಾಸಪ್ಪ ಸಿಡಿದ. "ನಿನ್ನಿಂದ ಸ್ಟೇಷನ್ ಬಾಗ್ಲು ನನಗೆ ಮುಚ್ಚೋಯ್ತು. ತಿಂಗಳಾದ್ ಮೇಲೆ ಮನೆ ಖಾಲಿ ಮಾಡಮ್ಮ."

"ಮಾಡ್ತೀನಿ ತಗೋರಿ. ಕೋರ್ಟಿಗೆ ಕರೆದ್ರ ಮಾತ್ರ ಬರ್ಬೇಕು."

"ಬರ್ದೆ ಎಲ್ಲಿಗೆ ಓಗ್ಲಿ," ಅಂದ ದಾಸಪ್ಪ, "ಸೈನ್ ಆಕ್ಸಿಬಿಟ್ಟೆಯಲ್ಲ ಮಾರಾಯ್ತಿ."