ಎಡಗಡೆಯ ಪೆಡಲು

ದೇವರ ಸೃಷ್ಟಿಯಲ್ಲಿ ಎಲ್ಲಕ್ಕೂ ಒಂದು ಕಾರಣ ಇರುತ್ತದೆ ಎಂದು ನಂಬಿದವನು ನಾನು. ಸೊಳ್ಳೆಗೂ ಇದ್ದೀತು, ನಮ್ಮ ಚಿಕ್ಕಪ್ಪನಿಗೂ ಇದ್ದೀತು. ಸೊಳ್ಳೆಯ ವಿಷಯ ಹೇಗೋ ಒಪ್ಪಿಕೊಂಡಿದ್ದೇನೆ. ಚಿಕ್ಕಪ್ಪನ ವಿಷಯ ಬಹಳ ದಿನ ಹೊಳೆದಿರಲಿಲ್ಲ.

ಚಿಕ್ಕಮ್ಮ ಆಸ್ಪತ್ರೆಯಲ್ಲಿ ರೋಗಿಗಳ ಚಾದರಗಳಿಗೆ ಇಸ್ತ್ರಿ ಹಾಕುವ ಕೆಲಸದಲ್ಲಿದ್ದಳು. ಹನ್ನೊಂದು ವರ್ಷ ಮಧ್ಯಾಹ್ನದ ಪಾಳಿ. ಒಂದು ದಿನ ಅಲ್ಲಿಯ ಮೇಲ್ವಿಚಾರಕಿ ಕರೆದು, "ಸೋಮವಾರದಿಂದ ನಿಂಗೆ ಬೆಳಗಿನ ಪಾಳಿ. ಆರು ಗಂಟೆಗೆ ಬಾಗಿಲಲ್ಲಿರಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳು, ಬರೋಕೆ ಬೇರೆಯವರು ಸಾಲಲ್ಲಿ ನಿಂತಿದಾರೆ" ಎಂದಳು. ಚಿಕ್ಕಮ್ಮ ಆಗುತ್ತೆ ಅಂದುಬಿಟ್ಟಳು. ನಮ್ಮ ಕಡೆ ಮೊದಲ ಬಸ್ಸು ಬರುವುದೇ ಆರೂವರೆಗೆ ಎಂಬುದು ನೆನಪಾದದ್ದು ಮೆಟ್ಟಿಲಿಳಿಯುವಾಗ.

ಶನಿವಾರ ಗುಜರಿ ಅಂಗಡಿಗೆ ಹೋದಳು. ಚಿಕ್ಕಪ್ಪನೂ ಹೋದ, ಯಾರೂ ಕರೆದಿರಲಿಲ್ಲ. ಗೋಡೆಗೊರಗಿದ್ದ ಹಳೆಯ ಲೇಡೀಸ್ ಸೈಕಲ್ಲೊಂದನ್ನು ತೋರಿಸಿ ಚಿಕ್ಕಮ್ಮ ಕೇಳಿದಳು, "ಇದು ಓಡುತ್ತಾ?"

"ನೀವು ತುಳಿದ್ರೆ ಓಡುತ್ತೆ ತಾಯಿ. ತಾನಾಗೇ ಓಡಿದ್ರೆ ನಾನ್ಯಾಕೆ ಮಾರ್ತಿದ್ದೆ?"

"ಬ್ರೇಕು?"

"ಕಾಲಿದೆಯಲ್ಲ!"

ಒಂದು ಜೊತೆ ಚಪ್ಪಲಿಯ ಬೆಲೆಗೆ ಸೈಕಲ್ ಮನೆಗೆ ಬಂತು. "ಮೂಲೆಯ ಸೈಕಲ್ ಶಾಪಿಗೆ ಕೊಟ್ಬಿಡೋಣ ರೀ" ಎಂದಳು ಚಿಕ್ಕಮ್ಮ.

"ಯಾಕೆ, ನಾನು ಸತ್ತಿದೀನಾ?"

"ರಿಪೇರಿ ಮುಗೀಲಿ, ಆಮೇಲೆ ಹೇಳ್ತೀನಿ."

ಚಿಕ್ಕಪ್ಪ ಲೈಬ್ರರಿಯಲ್ಲಿ ಪುಸ್ತಕ ಎತ್ತಿಕೊಡುವವನು. ಯಂತ್ರಗಳ ಕುರಿತ ಒಂದು ಪುಸ್ತಕವನ್ನು ಅರ್ಧ ಓದಿದ್ದ. ಓಣಿಯವರೆಲ್ಲ ಅವನನ್ನು 'ಇಂಜಿನಿಯರ್' ಎನ್ನುತ್ತಿದ್ದರು. ಹಾಗೆನ್ನುವಾಗ ಅವರು ನಗುವುದನ್ನು ಅವನು ಪ್ರೀತಿ ಎಂದೇ ತಿಳಿದಿದ್ದ.

ಭಾನುವಾರ ಅಂಗಳದಲ್ಲಿ ಕೆಲಸ ಶುರುವಾಯಿತು. ಸುಳ್ಳು ಹೇಳಬಾರದು, ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆದ, ಟ್ಯೂಬಿಗೆ ಪಂಕ್ಚರ್ ಹಾಕಿದ, ಬ್ರೇಕಿನ ರಬ್ಬರ್ ಬದಲಿಸಿದ. ಸವೆದುಹೋಗಿದ್ದ ಬಲಗಡೆಯ ಪೆಡಲು ಬೆಣ್ಣೆಯ ಹಾಗೆ ಬಿಚ್ಚಿ ಬಂತು, ಹೊಸದು ಕೂತಿತು. ಎಡಗಡೆಯದು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಎದುರಿನ ಜಗಲಿಯ ಮೇಲೆ ಅವನ ತಾಯಿ, ನಮ್ಮ ಅಜ್ಜಿ, ಜಪಕ್ಕೆ ಕೂತಿದ್ದಳು. ಜಪಸರದ ನೂರೆಂಟು ಮಣಿ ಮುಗಿಯುವ ತನಕ ಬಾಯಿ ಬಿಡುವವಳಲ್ಲ. ಮನೆಗೆ ಬೆಂಕಿ ಬಿದ್ದರೂ ಮಣಿ ಮುಗಿಸಿಯೇ ಕೊಡ ಹುಡುಕುವವಳು. ನಮ್ಮ ತಾತ ಬದುಕಿಡೀ ಸೈಕಲ್ಲಿನಲ್ಲಿ ಹಾಲು ಹಾಕಿದವರು, ಆ ಸೈಕಲ್ಲಿನ ರಿಪೇರಿಯೆಲ್ಲ ಅಜ್ಜಿಯ ಕೈಯದೇ. ಅವಳನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಇಂಜಿನಿಯರು ಅಮ್ಮನನ್ನು ಕೇಳುವುದುಂಟೇ?

ಮಗ ಒದ್ದಾಡುವುದನ್ನು ನೋಡಲಾರದೆ ಅಜ್ಜಿ "ಹೂಂ! ಹೂಂ!" ಎಂದು ಮೂಗಿನಲ್ಲೇ ಕೂಗಿ, ಬೆರಳನ್ನು ಗಾಳಿಯಲ್ಲಿ ಗಿರಗಿರ ತಿರುಗಿಸಿ ತೋರಿಸಿದಳು.

"ನೋಡಿದ್ಯಾ?" ಚಿಕ್ಕಪ್ಪ ಚಿಕ್ಕಮ್ಮನಿಗೆ ಹೇಳಿದ. "ಅಮ್ಮನೂ ನಾನು ತಿರುಗಿಸೋ ಕಡೆಗೇ ತಿರುಗಿಸು ಅಂತಿದಾಳೆ."

ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ, ಅದರ ಮೇಲೆ ತನ್ನ ಪೂರ್ತಿ ಭಾರ ಹಾಕಿದ. ಅಜ್ಜಿಯ ಬೆರಳು ಫ್ಯಾನಿನಂತೆ ತಿರುಗಿತು. ಕಟಕ್ ಎಂದಿತು. ಪೆಡಲು ಕೈಗೆ ಬಂತು, ಅದರ ತಿರುಪುಮೊಳೆ ಮುರಿದು, ಪೆಡಲು ಕೂರುವ ಕಬ್ಬಿಣದ ತೋಳಿನೊಳಗೇ ಉಳಿಯಿತು.

ಎರಡು ನಿಮಿಷದ ಮೇಲೆ ಅಜ್ಜಿಯ ಮಣಿಗಳು ಮುಗಿದವು.

"ಮುಠ್ಠಾಳ! ಎಡಗಡೆ ಪೆಡಲು ಉಲ್ಟಾ ಬಿಚ್ಚೋದು ಕಣೋ! ನೀನು ಬಿಚ್ಚಲಿಲ್ಲ, ಬಿಗಿ ಮಾಡಿದೆ!"

"ನೀನೇ ತಾನೇ ಹೀಗೆ ಅಂತ ತೋರಿಸಿದ್ದು?"

"ನಾ ಕೂತ ಕಡೆಯಿಂದ ಸರಿಯಾಗೇ ತೋರಿಸ್ದೆ!"

"ನಾ ಕೂತಿದ್ದು ನಿನ್ನ ಎದುರುಗಡೆ!"

ಚಿಕ್ಕಮ್ಮ ಮೆಲ್ಲಗೆ ಕೇಳಿದಳು, "ಅತ್ತೆ, ಆಗ ಎಷ್ಟನೇ ಮಣಿ?"

"ತೊಂಬತ್ತಾರು."

"ಇನ್ನು ಹನ್ನೆರಡು ಮಣಿ ದೇವರು ಕಾಯ್ತಿರಲಿಲ್ವಾ?"

ಅಜ್ಜಿ ಜಪಸರವನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ನಡೆದಳು. ಭಾನುವಾರವಾದ್ದರಿಂದ ಸೈಕಲ್ ಅಂಗಡಿಗಳೆಲ್ಲ ಮುಚ್ಚಿದ್ದವು.

ಸೋಮವಾರ ಬೆಳಗಿನ ಐದಕ್ಕೆ ಚಿಕ್ಕಮ್ಮ ಒಂದೇ ಪೆಡಲಿನ ಸೈಕಲ್ ಹತ್ತಿ ನೋಡಿದಳು. ಬಲಗಾಲಲ್ಲಿ ಒಮ್ಮೆ ತುಳಿದರೆ ಪೆಡಲು ಕೆಳಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು, ಮೇಲೆ ತರುವವರಿಲ್ಲ. ನಡೆದೇ ಹೋದರೆ ಒಂದೂವರೆ ಗಂಟೆಯ ದಾರಿ. ಅವಳು ಇಳಿದು ಸೈಕಲ್ಲನ್ನು ಗೋಡೆಗೊರಗಿಸಿದಳು. ಹನ್ನೊಂದು ವರ್ಷದ ಕೆಲಸ, ಹೋಗಿದ್ದು ಒಂದು ಬೆರಳಳತೆಯ ಕಬ್ಬಿಣಕ್ಕೆ.

ಅಜ್ಜಿ ಜಗಲಿಯ ಮೇಲಿದ್ದಳು. ಮಣಿ ನಡೆಯುತ್ತಿತ್ತು. ನಡೆಯುತ್ತಿದ್ದದ್ದು ನಿಂತಿತು.

"ಏ ಇಂಜಿನಿಯರ್! ಬೆಲ್ಟ್ ಬಿಚ್ಚೋ!"

ಚಿಕ್ಕಪ್ಪ ಬೆಚ್ಚಿಬಿದ್ದ. ಜಪದ ನಡುವೆ ಅಜ್ಜಿ ಮಾತಾಡಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಏನು ಮುಖ ನೋಡ್ತೀಯ? ಅವಳ ಬಲಗಾಲು ಪೆಡಲಿಗೆ ಸೇರಿಸಿ ಕಟ್ಟು. ತುಳಿಯೋದೂ ಅದೇ ಕಾಲು, ಮೇಲೆಳೆಯೋದೂ ಅದೇ ಕಾಲು. ನಿಲ್ಲಿಸೋಕೆ ಎಡಗಾಲಿದೆ. ನಿಮ್ಮಪ್ಪ ಹೀಗೇ ಎರಡು ತಿಂಗಳು ಹಾಲು ಹಾಕಿದಾರೆ!"

ಚಪ್ಪಲಿ ಬಿಚ್ಚಿಟ್ಟ ಚಿಕ್ಕಮ್ಮನ ಬರಿಗಾಲನ್ನೂ ಪೆಡಲನ್ನೂ ಬೆಲ್ಟು ಎರಡು ಸುತ್ತು ಸುತ್ತಿ ಬಕಲ್ ಹಾಕಿಸಿಕೊಂಡಿತು. ಸೈಕಲ್ ಹೊರಟಿತು. ಒಂದು ಕೈ ಸೀಟಿಗೆ, ಒಂದು ಕೈ ಪ್ಯಾಂಟಿಗೆ ಕೊಟ್ಟು ಚಿಕ್ಕಪ್ಪ ಹಿಂದೆ ಓಡಿದ. ಓಣಿಯ ಕೊನೆಯ ಏರಿನಲ್ಲಿ ಸೈಕಲ್ ತಡವರಿಸಿತು. ತಳ್ಳಲು ಎರಡೂ ಕೈ ಬೇಕಾಯಿತು.

ಚಿಕ್ಕಪ್ಪ ಪ್ಯಾಂಟನ್ನು ಬಿಟ್ಟ.

ಕಸ ಗುಡಿಸಲು ಬಾಗಿಲಿಗೆ ಬಂದವರೆಲ್ಲ ಇಂಜಿನಿಯರನ ಪಟ್ಟೆಪಟ್ಟೆ ಚಡ್ಡಿಯ ದರ್ಶನ ಮಾಡಿದರು. ದೇವರು ಇವನನ್ನು ಯಾಕೆ ಸೃಷ್ಟಿಸಿದ ಎಂಬುದು ಆ ಏರಿನಲ್ಲಿ ನನಗೆ ಅರ್ಧ ಹೊಳೆಯಿತು.

ಮಧ್ಯಾಹ್ನ ಚಿಕ್ಕಮ್ಮ ಬಂದಳು, ವಾಪಸ್ ಬರಲು ಮತ್ತೆ ಕಟ್ಟಿಕೊಂಡ ಬೆಲ್ಟು ಕಾಲಲ್ಲೇ ಇತ್ತು.

"ಎಷ್ಟೊತ್ತಿಗೆ ತಲುಪಿದೆ?" ಅಜ್ಜಿ ಕೇಳಿದಳು.

"ಐದು ಐವತ್ತಕ್ಕೇ ಅತ್ತೆ. ಆದ್ರೆ ಇಳಿಯೋಕೆ ಬಕಲ್ ಬಿಚ್ಚಲಿಲ್ಲ. ಮೇಲ್ವಿಚಾರಕಿಯೇ ಮಂಡಿಯೂರಿ ಕೂತು ನನ್ನ ಧೂಳು ಮೆತ್ತಿದ ಬರಿಗಾಲು ಹಿಡ್ಕೊಂಡು ಬಿಚ್ಚಿದ್ರು. 'ನಾಳೆಯಿಂದ ಹತ್ತು ನಿಮಿಷ ತಡವಾದ್ರೂ ಪರವಾಗಿಲ್ಲ, ಚಪ್ಪಲಿ ಹಾಕ್ಕೊಂಡು ಬಾರಮ್ಮ' ಅಂದ್ರು."

ಒಳಗಿನಿಂದ ಪ್ಯಾಂಟು ಹಿಡಿದುಕೊಂಡೇ ಚಿಕ್ಕಪ್ಪ ಬಂದ. "ಬೆಲ್ಟು?"

"ನಾಳೆಗೂ ಬೇಕು ರೀ," ಎಂದಳು ಚಿಕ್ಕಮ್ಮ.

ಅಜ್ಜಿ ಕಣ್ಣು ಮುಚ್ಚಿ ಮೊದಲ ಮಣಿ ಹಿಡಿದಳು.